ಕಿಟಕಿಯ ಅಂಟು

ನೀನಾಗಿ ಬಾಯಿಬಿಟ್ಟು ‘ಕೀಳಿ’ ಅನ್ನೋವರೆಗೂ ಇದಕ್ಕೆ ಉಗುರು ಕೂಡ ತಾಗಿಸಲ್ಲ ಎಂದು ಅವನು ಹೆಂಡತಿಗೆ ಮಾತು ಕೊಟ್ಟಿದ್ದು ಮಗಳು ಪುಟ್ಟಿ ಇನ್ನೂ ತೊದಲು ಮಾತಾಡುತ್ತಿದ್ದ ಕಾಲದಲ್ಲಿ. ‘ಇದು’ ಅಂದರೆ ನಡುಮನೆಯ ದೊಡ್ಡ ಕಿಟಕಿಗೆ ಅಂಟಿಸಿದ ಕಪ್ಪು ಹಾಳೆ. ಎದುರು ಮಹಡಿಯ ದರ್ಜಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಿದ್ದ. ಅವನ ಕಿಟಕಿಗೆ ಇವರ ಕಿಟಕಿ ಮುಖಾಮುಖಿ. ಅವನು ನನ್ನನ್ನೇ ನೋಡುತ್ತಾನೆ, ನೋಡಿದ್ದನ್ನು ಯಾರಿಗೋ ಹೇಳುತ್ತಾನೆ ಎಂಬ ಭಯ ಅವಳಿಗೆ ಹೊಕ್ಕಿತ್ತು. ಊಟ ಸೇರದು, ಕಣ್ಣಿಗೆ ನಿದ್ದೆ ಹತ್ತದು. ಮಗುವನ್ನು ಎತ್ತಿಕೊಂಡು ಬಾಗಿಲ ಸಂದಿಯಲ್ಲಿ ಕೂತುಬಿಡುತ್ತಿದ್ದಳು.

ಓಣಿಯಲ್ಲಿ ಗಂಡನಿಗೆ ಸ್ಟಿಕ್ಕರಣ್ಣ ಎಂದೇ ಹೆಸರು. ಗಾಡಿಗಳ ನಂಬರು, ಅಂಗಡಿ ಗಾಜಿನ ಅಕ್ಷರ, ಕಾರುಗಳ ಕಪ್ಪು ಹಾಳೆ, ಇವನ್ನೆಲ್ಲ ಅಂಟಿಸುವುದೇ ಕಸುಬು. ಗಿರಾಕಿಗಳಿಗೆ ಅರೆಮನಸ್ಸಿನಿಂದ ಅಂಟಿಸಿದ್ದುಂಟು. ಹೆಂಡತಿಗೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಗಾಜನ್ನು ತಿಕ್ಕಿ ತೊಳೆದ, ಬಿಸಿಗಾಳಿ ಯಂತ್ರ ಹಿಡಿದು ಬೆಚ್ಚಗೆ ಮಾಡಿದ, ಗುಳ್ಳೆ ಉಳಿಯದಂತೆ ಹಾಳೆಯನ್ನು ರಬ್ಬರ್ ಪಟ್ಟಿಯಿಂದ ಒತ್ತಿದ, ಅಂಚಿಗೆಲ್ಲ ಅಗಲ ಟೇಪು ಎಳೆದ. ನಾಲ್ಕು ದಿನ ಹೋದರೆ ಸರಿಹೋಗುತ್ತಾಳೆ, ಆಗ ಕಿತ್ತರಾಯಿತು ಎಂದುಕೊಂಡವನು ಜನ್ಮಕ್ಕಾಗುವಷ್ಟು ಗಟ್ಟಿಯಾಗಿ ಅಂಟಿಸಿಬಿಟ್ಟಿದ್ದ.

ಆಮೇಲೆ ಆಸ್ಪತ್ರೆಯಾಯಿತು, ಮಾತ್ರೆಗಳಾದವು. ಅವಳು ನಿಧಾನವಾಗಿ ಅಡುಗೆಮನೆಗೆ ಮರಳಿದಳು, ಸಂತೆಗೂ ಹೋಗಿಬಂದಳು. ಹಾಳೆ ಮಾತ್ರ ಹಾಗೇ ಉಳಿಯಿತು. ಮಟಮಟ ಮಧ್ಯಾಹ್ನ ಟ್ಯೂಬ್‌ಲೈಟ್ ಹಾಕಿಕೊಂಡು ಓದುವ ಮಗುವನ್ನು ನೋಡಿ ಹೆಂಡತಿಯ ಅಕ್ಕನಿಗೆ ಕರುಳು ಚುರ್ ಎಂದಿತು. ರಜೆಗೆಂದು ಕರೆದೊಯ್ದವಳು ವಾಪಸು ಕಳಿಸಲಿಲ್ಲ.

ನಿನ್ನೆ ಅವಳೇ ಫೋನು ಮಾಡಿದಳು. "ನಾಳೆ ಸಂಜೆ ಪುಟ್ಟೀನ ಕರ್ಕೊಂಡು ಬರ್ತೀನಿ. ಆ ಗುಹೆ ಹಾಗೇ ಇದ್ರೆ ಬಂದ ಕಾಲಲ್ಲೇ ತಿರುಗಿ ಹೊರಡೋದು, ಇಲ್ಲೇ ಸ್ಕೂಲಿಗೆ ಸೇರಿಸ್ತೀನಿ. ಮಗೂನ ಅಣಬೆ ಬೆಳೆಸ್ದಂಗೆ ಬೆಳೆಸ್ತೀರೇನ್ರೀ?"

"ಇಲ್ಲ ಅತ್ತಿಗೆ, ಬನ್ನಿ. ಬೆಳಕು ಇರತ್ತೆ," ಎಂದುಬಿಟ್ಟ.

ಬೆಳಿಗ್ಗೆ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಹತ್ತಿರ ಹೋಗಿ ನಿಂತ.

"ಪುಟ್ಟಿ ಬರ್ತಾಳೆ ಕಣೇ ಸಂಜೆ. ಆ ಹಾಳೆ... ಕೀಳ್ಲಾ?"

ಅವಳು ತಿರುಗಲಿಲ್ಲ. ಮಗಳ ಹಳೆಯ ಲಂಗವೊಂದನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ಬಿಡಿ," ಅಂದಳು.

ಅಷ್ಟೇ. ಹೋಗಲಿ ಬಿಡಿ, ನಿಮ್ಮಿಷ್ಟ ಎಂದೋ? ಅದರ ಪಾಡಿಗೆ ಅದನ್ನು ಬಿಡಿ ಎಂದೋ? ಬಾಯಿಬಿಟ್ಟು ಇನ್ನೊಮ್ಮೆ ಕೇಳಬಹುದಿತ್ತು. ಕೇಳಿದರೆ ಬೇಡ ಅಂದಾಳು ಎಂದು ಕೇಳಲಿಲ್ಲ. ತನಗೆ ಬೇಕಾದ ಅರ್ಥವನ್ನು ಹೆಕ್ಕಿಕೊಂಡು, ಅವಳು ಮಾತ್ರೆ ನುಂಗಿ ಒಳಕೋಣೆಯಲ್ಲಿ ಮಲಗುವುದನ್ನೇ ಕಾದ.

ಮೂಲೆಗೆ ಉಗುರು ಹಾಕಿ ಎಳೆದ. ವರ್ಷಗಟ್ಟಲೆ ಬಿಸಿಲು ತಿಂದ ಹಾಳೆ ಹಪ್ಪಳದಂತೆ ಚೂರುಚೂರಾಗಿ ಬಂತು. ಬಂದದ್ದು ಹಾಳೆ, ಅಂಟು ಬರಲಿಲ್ಲ. ಗಾಜಿನ ತುಂಬ ಕಂದು ಬಣ್ಣದ ಲೋಳೆ ಕೂತಿತ್ತು. ಮುಟ್ಟಿದರೆ ಬೆರಳು ಹಿಡಿದುಕೊಳ್ಳುತ್ತಿತ್ತು, ಒರೆಸಿದರೆ ಬಟ್ಟೆಯ ನೂಲು ಅದಕ್ಕೇ ಮೆತ್ತಿಕೊಳ್ಳುತ್ತಿತ್ತು. ಬಿಸಿನೀರು ಸುರಿದ. ಬೆಳ್ಳಗಾಗಿ ಮತ್ತೆ ಕಂದಾಯಿತು. ಚಾಕು ಹಿಡಿದ, ಗಾಜಿನ ಮೇಲೆ ಗೀರು ಬಿತ್ತು. ಅಂಗಡಿಯ ಥಿನ್ನರ್ ತಂದು ಸುರಿದ. ಅಂಟು ಕರಗಿ ಕೆಳಗಿಳಿಯಿತು, ಜೊತೆಗೆ ಚೌಕಟ್ಟಿನ ಬಣ್ಣವನ್ನೂ ಎಬ್ಬಿಸಿಕೊಂಡು ಗೋಡೆಯ ಮೇಲೆ ಉದ್ದಕ್ಕೆ ಹರಿಯಿತು. ಕಿಟಕಿ ಮೊದಲಿಗಿಂತ ಕೆಟ್ಟು ಕೆರ ಹಿಡಿಯಿತು. ಮಗಳು ಬಂದು ನೋಡುವುದು ಇದನ್ನೇ. ಇಷ್ಟು ವರ್ಷ ಅಂಟಿಸುವುದನ್ನೇ ಕಲಿತೆನಲ್ಲ, ಕೀಳುವುದನ್ನು ಕಲಿಯಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡ. ಹಣೆಗೂ ಅಂಟು ಮೆತ್ತಿತು.

ಗಾಳಿಗೆಂದು ಕಿಟಕಿಯ ಒಂದು ಬಾಗಿಲು ತೆರೆದ. ಎದುರು ಮಹಡಿಯಿಂದ ನಗು ಕೇಳಿತು.

"ಏನಪ್ಪಾ ಸ್ಟಿಕ್ಕರಣ್ಣ, ಬದುಕಿದ್ದೀಯಾ? ಮನೆ ಖಾಲಿ ಮಾಡ್ಕೊಂಡು ಹೋದ್ರೇನೋ ಅಂತಿದ್ದೆ," ಎಂದ ದರ್ಜಿ. ಹಲ್ಲಿನ ನಡುವೆ ದಾರವಿತ್ತು.

"ಅಂಟು ಹೋಗ್ತಾ ಇಲ್ಲ ಮಾರಾಯ, ತಲೆ ಕೆಟ್ಟೋಗಿದೆ."

"ನನ್ನ ಗಾಡಿ ಮೇಲೆ ಹೆಸರು ಬರ್ದು ಅಂಟಿಸಿದ್ಯಲ್ಲ, ಒಂದೇ ಮಳೆಗೆ ತೊಳ್ಕೊಂಡು ಹೋಯ್ತು. ಮನೆಗೆ ಮಾತ್ರ ಗಟ್ಟಿ ಅಂಟು, ಊರಿಗೆ ನೀರಂಟು, ಅಲ್ವಾ?"

"ತಮಾಷೆ ಸಾಕು. ಸಂಜೆ ಮಗಳು ಬರ್ತಾಳೆ."

ದರ್ಜಿ ದಾರ ಉಗಿದು ಎದ್ದು ನಿಂತ. ಕಣ್ಣು ಕಿರಿದು ಮಾಡಿ ನೋಡಿದ. "ನಂಗೆ ಅಲ್ಲೀವರೆಗೆ ಸರಿಯಾಗಿ ಕಾಣಲ್ಲ. ಸೂಜಿ ನೋಡಿನೋಡೇ ಕಣ್ಣು ಹಾಳಾಗಿದೆ. ಅದಿರ್ಲಿ, ಅಡುಗೆ ಎಣ್ಣೆ ಬಳಿ. ಬಳಿದು ಕೈ ಕಟ್ಕೊಂಡು ಕೂತ್ಕೊ, ನಿಂಗೆ ಅದೇ ಕಷ್ಟ. ನಮ್ಮವಳು ಡಬ್ಬದ ಚೀಟಿ ಅಂಟು ಹಾಗೇ ತೆಗೆಯೋದು."

ಸರಿಯಾಗಿ ಕಾಣಲ್ಲ ಎಂಬ ಮಾತು ಅವನ ಎದೆಯಲ್ಲಿ ಎಲ್ಲೋ ನಾಟಿತು. ಅಲ್ಲೇ ನಿಂತು ಯೋಚಿಸಲು ಪುರುಸೊತ್ತಿರಲಿಲ್ಲ.

ಎಣ್ಣೆ ಬಳಿದು ಕೂತ. ಕೂರುವುದೇ ನಿಜಕ್ಕೂ ಕಷ್ಟವಾಯಿತು. ಮುಟ್ಟಬೇಡ, ನೆನೆಯಲಿ ಎಂದು ತನ್ನ ಕೈಗೆ ತಾನೇ ಹೇಳಿಕೊಂಡ. ಆಮೇಲೆ ರಬ್ಬರ್ ಪಟ್ಟಿ ಹಿಡಿದು ಮೆಲ್ಲಗೆ ತಳ್ಳಿದ. ಅಂಟು ಶಾವಿಗೆಯಂತೆ ಸುರುಳಿಸುರುಳಿಯಾಗಿ ಎದ್ದು ಬಂತು. "ಬಿಡ್ತು, ಬಿಡ್ತು!" ಎಂದು ಹುಚ್ಚನಂತೆ ಪಿಸುಗುಟ್ಟಿದ. ಎಣ್ಣೆ, ಪಟ್ಟಿ, ಸಾಬೂನು ನೀರು, ಒಣ ಬಟ್ಟೆ, ಮೂಲೆಯಿಂದ ಮೂಲೆಗೆ. ಭುಜ ಬಿದ್ದುಹೋಯಿತು, ಉಗುರಿನ ಸಂದಿ ರಕ್ತವಾಯಿತು. ಕೊನೆಗೆ ಬಿಸಿಲು ಒಳಗೆ ಬಂದು ನೆಲದ ಮೇಲೆ ಚೌಕವಾಗಿ ಬಿದ್ದುಕೊಂಡಿತು.

ಆ ಬಿಸಿಲಿನ ಅಂಚಿನಲ್ಲಿ ಹೆಂಡತಿ ನಿಂತಿದ್ದಳು. ಯಾವಾಗ ಎದ್ದು ಬಂದಳೋ.

"ರೀ. ಬಿಡಿ ಅಂದಿದ್ದೆನಲ್ಲ."

"ಬಿಡಿ ಅಂದ್ಯಲ್ಲ, ಅದಕ್ಕೇ..."

"ಬಿಡಿ ಅಂದ್ರೆ ಅದನ್ನ ಬಿಟ್ಬಿಡಿ ಅಂತ. ಮುಟ್ಬೇಡಿ ಅಂತ." ಅವಳ ದನಿ ಏರಲಿಲ್ಲ, ಅದಕ್ಕೇ ಅವನಿಗೆ ಇನ್ನೂ ಹೆದರಿಕೆಯಾಯಿತು. "ನಿಮಗೆ ಅರ್ಥ ಆಗಿತ್ತು."

"ಅವನಿಗೆ ಕಣ್ಣೇ ಸರಿಯಾಗಿ ಕಾಣಲ್ವಂತೆ ಕಣೇ, ಈಗ್ತಾನೇ ಹೇಳ್ದ..."

"ಅವನ್ ಜೊತೆ ಮಾತಾಡಿದ್ರಾ?"

ಅವಳು ಬಚ್ಚಲಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಅದೊಂದೇ ಕಿಟಕಿಯಿಲ್ಲದ ಕೋಣೆ. ಅವನು ಬಾಗಿಲಿಗೆ ಹಣೆ ಹಚ್ಚಿ ಕರೆದ, ಬೇಡಿಕೊಂಡ. "ಮುಚ್ಚಿ. ಮುಚ್ಚಿದ್ರೆ ಬರ್ತೀನಿ," ಎಂದಷ್ಟೇ ಒಳಗಿಂದ ಬಂತು.

ಆಗಲೇ ಹೊರಬಾಗಿಲು ತೆರೆಯಿತು.

"ಅಪ್ಪಾ! ನಮ್ಮನೇಲಿ ಬಿಸಿಲು!" ಪುಟ್ಟಿ ಓಡಿಬಂದು ನೆಲದ ಮೇಲಿನ ಚೌಕದಲ್ಲಿ ಎರಡೂ ಕಾಲು ಜೋಡಿಸಿ ನಿಂತಳು. ಬೆಳೆದಿದ್ದಳು. ಹಿಂದೆಯೇ ದೊಡ್ಡಮ್ಮ, ಕೈಯಲ್ಲಿ ಮಗುವಿನ ಚೀಲ. ಕಿಟಕಿ ನೋಡಿದಳು, ಬಣ್ಣ ಎದ್ದ ಗೋಡೆ ನೋಡಿದಳು, ಕೊನೆಗೆ ಮುಚ್ಚಿದ ಬಚ್ಚಲ ಬಾಗಿಲನ್ನು.

"ಅವಳೆಲ್ಲಿ? ಒಳಗಾ?"

ಅವನು ತಲೆಯಾಡಿಸಿದ. ಒಳಗಿಂದ ಮತ್ತೆ ಕೇಳಿತು: "ರೀ, ಮುಚ್ಚಿ. ಮಗು ಬಂದಿದ್ದಾಳೆ, ನಾನು ನೋಡ್ಬೇಕು. ಮುಚ್ಚಿ."

"ಅಪ್ಪಾ, ಮುಚ್ಚಪ್ಪ. ಅಮ್ಮ ಆಚೆ ಬರ್ಲಿ," ಎಂದಳು ಪುಟ್ಟಿ. ಬಿಸಿಲಿನಿಂದ ಆಗಲೇ ಆಚೆ ಸರಿದು ನಿಂತಿದ್ದಳು.

ಅವನ ಕಣ್ಣು ಮಂಚದ ಮೇಲಿನ ಹೊದಿಕೆಯ ಕಡೆ ಹೋಯಿತು. ಎಳೆದು ಕಿಟಕಿಗೆ ಹಾಕಿದರೆ ಮುಗಿಯಿತು, ಅವಳು ಹೊರಗೆ.

"ಹಾಕಿ ನೋಡೋಣ," ಎಂದಳು ದೊಡ್ಡಮ್ಮ ತಗ್ಗಿದ ದನಿಯಲ್ಲಿ. "ನನಗೂ ಅವಳು ತಂಗೀನೇ. ಬೇಡ ಅನ್ನಲ್ಲ. ಆದ್ರೆ ಇವತ್ತು ಹಾಕಿದ್ರೆ ನಾಳೆ ತೆಗೆಯಲ್ಲ ನೀವು. ಮಗು ನನ್ ಜೊತೆ ಬರತ್ತೆ."

ಅವನು ಹೊದಿಕೆ ಮುಟ್ಟಲಿಲ್ಲ. ದೊಡ್ಡಮ್ಮನ ಕೈಯಿಂದ ಚೀಲ ಇಸಿದುಕೊಂಡು ಗೋಡೆಗೆ ಒರಗಿಸಿಟ್ಟ. ಅವಳು ತಡೆಯಲಿಲ್ಲ. ಪುಟ್ಟಿ ಬಚ್ಚಲ ಬಾಗಿಲ ಬುಡದಲ್ಲಿ ಕೂತು, ಸಂದಿಯಲ್ಲಿ ಬೆರಳು ತೂರಿಸಿ, ಬಸ್ಸಿನಲ್ಲಿ ಕಂಡದ್ದನ್ನೆಲ್ಲ ಹೇಳತೊಡಗಿದಳು. ಬಾಗಿಲು ತೆರೆಯಲಿಲ್ಲ.

ಕೀಳಿ ಎಂದು ಹೆಂಡತಿ ಅಂದಿರಲಿಲ್ಲ. ಕೊಟ್ಟ ಮಾತನ್ನು ಅವನು ಮುರಿದಿದ್ದ.