ಮೊದಲ ದಿನದ ಹಾಲು

ಎಮ್ಮೆಯ ವಿಷಯದಲ್ಲಿ ನಮ್ಮ ಅತ್ತೆ ಯಂಕವ್ವನಂಥ ಜಾಣೆ ಇಡೀ ಉಣಕಲ್ಲಿನಲ್ಲಿ ಇರಲಿಲ್ಲ. ಎಮ್ಮೆ ಈದಾಗ ಮೊದಲ ಹಾಲಿನ ಗಿಣ್ಣಿಗಾಗಿ ನಾವೆಲ್ಲ ಬಾಯಿ ಬಿಟ್ಟುಕೊಂಡು ಕೂತಿರುತ್ತಿದ್ದೆವು. ಆದರೆ ಕರು ಹೊಟ್ಟೆ ತುಂಬ ಕುಡಿಯುವ ತನಕ ಯಾರೂ ಚರಿಗೆ ಮುಟ್ಟುವಂತಿರಲಿಲ್ಲ. ಇಂಥ ಹೆಂಗಸು ಮನುಷ್ಯರ ಕೂಸಿನ ಮಾತು ಬಂದರೆ ಬುದ್ಧಿಯನ್ನೆಲ್ಲ ಗೋದಲಿಯಲ್ಲಿ ಬಿಟ್ಟು ಬರುತ್ತಿದ್ದಳು. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ನನ್ನ ಚೊಚ್ಚಲ ಮಗನಿಗೆ ಮೂರು ದಿನ ಬೆಲ್ಲದ ನೀರು ಕೊಟ್ಟರು. ಮೊದಲ ಹಾಲು ಹಳದಿ, ಅಂಟಂಟು, ಕೆಟ್ಟದ್ದು ಎಂದು ನನ್ನ ಕೈಯಿಂದಲೇ ಹಿಂಡಿಸಿ ಚೆಲ್ಲಿಸಿದರು. ಐದನೆಯ ದಿನ ಅವನು ಹೋದ. ಎಲ್ಲರೂ ದೇವರ ಮೇಲೆ ಹಾಕಿದರು. ನಾನೂ ಹಾಕಿದೆ, ಆದರೆ ಒಳಗೊಳಗೇ ಕೊರೆಯುತ್ತಿತ್ತು.

೧೯೩೬ರಲ್ಲಿ ಮಗಳು ಹುಟ್ಟಿದಳು. ಸೂಲಗಿತ್ತಿ ಮೌಲಾಬಿ ಕೂಸಿಗೆ ನೀರೆರೆದು ನನ್ನ ಮಗ್ಗುಲಲ್ಲಿ ಹಾಕಿದಳೋ ಇಲ್ಲವೋ, ಅತ್ತೆ ಬೆಲ್ಲದ ನೀರಿನ ಬಟ್ಟಲು ಹಿಡಿದು ಬಂದೇಬಿಟ್ಟಳು.

"ತಾ ಇಲ್ಲೆ ಕೂಸನ್ನ."

ನಾನು ಕೂಸನ್ನು ಸೆರಗಿನೊಳಗೆ ಎಳೆದುಕೊಂಡೆ. "ಕೊಡೂದಿಲ್ರಿ. ನನ್ನ ಹಾಲು ಕುಡಸ್ತೇನಿ."

"ಹುಚ್ಚೇನು ನಿನಗ? ಮೊದಲ ಮೂರು ದಿನದ ಹಾಲು ಕೂಸಿಗೆ ಜಡ್ಡು ತರತೈತಿ."

"ಹ್ವಾದ ವರ್ಷ ಎಮ್ಮಿ ಈದಾಗ, ಕರಕ್ಕ ಮೊದಲ ಹಾಲು ಕುಡಸೂದು ತಡಾ ಆತಂತ ನನ್ನ ಎಷ್ಟು ಬೈದ್ರಿ? ಅದಿಲ್ಲದ ಕರಾ ಉಳ್ಯೂದಿಲ್ಲ ಅಂದಾವ್ರು ನೀವೇ ಅಲ್ಲೇನ್ರಿ? ಎಮ್ಮಿ ಕರಕ್ಕಿದ್ದ ಪಾಲು ನನ್ನ ಕೂಸಿಗಿಲ್ಲೇನ್ರಿ?"

ಅತ್ತೆ ಮೌಲಾಬಿಯ ಮುಖ ನೋಡಿದಳು.

"ನನ್ನ ಯಾಕ ನೋಡ್ತಿ, ಯಂಕವ್ವ?" ಎಂದಳು ಮೌಲಾಬಿ, ಕೈ ಒರೆಸಿಕೊಳ್ಳುತ್ತ. "ಎಮ್ಮಿ ವಿಷಯದಾಗ ನಿನ್ನ ಮಾತು ಯಾವತ್ತರ ಸುಳ್ಳಾಗೇತೇನು?"

ಅಷ್ಟರಲ್ಲಿ ನನ್ನ ಮಗಳು ತಾನೇ ಬಾಯಿ ಹಾಕಿ ಎಳೆಯತೊಡಗಿದ್ದಳು. ಎಂಥ ಎಳೆತ ಅಂತೀರಿ, ನನ್ನ ಕಾಲ್ಬೆರಳ ತನಕ ಝುಂ ಎಂದಿತು. ಅತ್ತೆ ಬಟ್ಟಲು ಹಿಡಿದುಕೊಂಡೇ ನೆಲದ ಮೇಲೆ ಕೂತಳು.

"ನನ್ನವೂ ಎರಡು ಹಿಂಗ ಹ್ವಾದವು, ರತ್ನವ್ವ," ಎಂದಳು.

ಆ ಮಾತಿಗೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಆಕೆ ಎದ್ದು ಹೋಗಿ ಬಾಗಿಲಲ್ಲಿ ಕೂತಳು. ಓಣಿಯ ಹೆಂಗಸರು ತಲೆಗೊಂದು ಬುದ್ಧಿ ಹೇಳಲು ಬಂದರು, ಆಕೆ ಮೂರು ದಿನ ಒಬ್ಬಳನ್ನೂ ಒಳಗೆ ಬಿಡಲಿಲ್ಲ.

ಐದನೆಯ ದಿನ ನಾನು ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಮಗಳು ಓಣಿಗೆಲ್ಲ ಕೇಳುವಂತೆ ಕಿರಿಚಿ ಹಾಲು ಕೇಳಿದಳು. ಅತ್ತೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಾಲ್ಕು ತಿಂಗಳ ಮೇಲೆ ಎದುರುಮನೆಯ ಕಾಶೀಬಾಯಿಯ ಸೊಸೆ ಗಂಡು ಹಡೆದಳು. ಸುದ್ದಿ ಬಂದದ್ದೇ ತಡ, ಅತ್ತೆ ನನ್ನ ಮಗಳನ್ನು ಎತ್ತಿಕೊಂಡು ಹೋಗಿ ಅವರ ಹೊಸ್ತಿಲಲ್ಲಿ ನಿಂತಳು.

"ಮೊದಲ ಹಾಲು ಕೆಟ್ಟದ್ದು ಅನ್ನಾವ್ರು ಇಕೀನ ಒಮ್ಮೆ ಎತ್ತಿ ನೋಡ್ರಿ. ಆಮ್ಯಾಲೆ ಮಾತಾಡ್ರಿ."

ಕಾಶೀಬಾಯಿ ಎತ್ತಿದಳು. ಭಾರಕ್ಕೆ ಸೊಂಟ ಹಿಡಿದುಕೊಂಡಳು. ನನ್ನ ಮಗಳನ್ನು ಮರಳಿ ಕೊಟ್ಟು, ಒಳಗೆ ಹೋಗಿ, ಮೊಮ್ಮಗನನ್ನು ಸೊಸೆಯ ಎದೆಗೆ ಹಾಕಿದಳು.