ಅಲ್ಲೇ ಇರವ್ವ

ನೀರು ಎಲ್ಲ ಕಡೆಯಿಂದಲೂ ಇಳಿದುಹೋಗುತ್ತದೆ, ಈ ಎರಡು ಗುಳಿಗಳಲ್ಲಿ ಮಾತ್ರ ನಿಲ್ಲುತ್ತದೆ, ಪೊರಕೆಯ ತುದಿ ತಳ ಮುಟ್ಟುವುದಿಲ್ಲ, ಬಟ್ಟೆಯನ್ನೇ ಒತ್ತಿ ಹೀರಿಸಬೇಕು, ಮೊದಲು ಎಡಗಾಲಿನದು ಆಮೇಲೆ ಬಲಗಾಲಿನದು, ಬೆರಳಿನ ಒಂದೊಂದು ಗುರುತಿನೊಳಗೂ ಬಟ್ಟೆಯ ಚುಂಗು ತೂರಿಸಿ — ನಾಗಮಣಿ ಜಗಲಿಯ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದಳು, ಹದಿನೈದು ವರ್ಷದಿಂದ ದಿನಾ ಬೆಳಿಗ್ಗೆ ಕೂರುವ ಹಾಗೆಯೇ, ಮಂಜು ಇನ್ನೂ ಮುಸುಕಿನ ಜೋಳದ ಹೊಲ ಬಿಟ್ಟು ಎದ್ದಿರಲಿಲ್ಲ, ಬೆಳೆಗೆ ಕಾಡುಹಂದಿ ಬೀಳದಂತೆ ಕಾಯಲು ಹೋದ ಗಂಡ ವೃಷಭೇಂದ್ರ ಹೊಲದ ಅಟ್ಟಣೆಯಿಂದ ಇಳಿದು ಬಂದಿರಲಿಲ್ಲ, ಎಡಗಾಲಿನದು ಒಣಗಿತ್ತು, ಬಲಗಾಲಿಗೆ ಬಟ್ಟೆ ಇಳಿಸಬೇಕು ಅನ್ನುವಷ್ಟರಲ್ಲಿ ಅಡುಗೆಮನೆಯಿಂದ ಮಗಳ ದನಿ, ಅವ್ವ, ಎಷ್ಟು ರೊಟ್ಟಿಗೆ ರಾಗಿಟ್ಟು ಕಲಸ್ಲಿ, ಸೆಲ್ವಿ ಎಂಟೂವರೆಗೆಲ್ಲ ಬಂದ್ಬುಡ್ತಾಳೆ. ಕೈ ಅಲ್ಲೇ ನಿಂತಿತು. ಕಾಡಂಚಿನ ಹಟ್ಟಿಯ ಸೆಲ್ವಿ, ಮಗಳ ಜೊತೆಗೇ ಓದುವವಳು, ಬರುವುದು ಗೊತ್ತಿದ್ದದ್ದೇ, ನಿನ್ನೆ ಸಂಜೆ ಮಧುಶ್ರೀ ಹೇಳಿದ್ದಳು, ಕೇಳಿರಲಿಲ್ಲ, ಹೇಳಿದ್ದಳು, ನಾಳೆ ಸೆಲ್ವಿ ನಮ್ಮನೇಲೇ ತಿಂಡಿ ತಿಂತಾಳೆ ಕಣವ್ವ ಅಂತ, ಹೇಳಿ ತಾಯಿಯ ಮುಖ ನೋಡಿದ್ದಳು, ನಾಗಮಣಿ ಒಲೆಯ ಕಡೆಗೆ ತಿರುಗಿ ಸೌದೆ ಒಳಕ್ಕೆ ತಳ್ಳಿದ್ದಳು, ತಿನ್ಲಿ ಬುಡು ಮಗ, ಅಂದಿದ್ದಳು. ತಿನ್ನಲಿ, ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಎರಡು ಹೆಚ್ಚೇ ತಿನ್ನಲಿ, ಆದರೆ ಎಲ್ಲಿ ಕೂತು ತಿನ್ನುತ್ತಾಳೆ, ಅದನ್ನು ಮಗಳು ಹೇಳಲಿಲ್ಲ, ತಾನೂ ಕೇಳಲಿಲ್ಲ, ಇಬ್ಬರ ನಡುವೆ ರಾತ್ರಿಯೆಲ್ಲ ಆ ಮಾತು ಹಾಸಿಗೆ ಹಾಸಿಕೊಂಡು ಮಲಗಿತ್ತು. ಹತ್ತು ರೊಟ್ಟಿ ಸಾಕು ಮಗ, ಎಂದು ಒಳಗೆ ಕೂಗಿ ಹೇಳಿದಳು, ದನಿ ಸಲೀಸಾಗಿಯೇ ಬಂತು, ತನ್ನ ದನಿ ಯಾವತ್ತೂ ಸಲೀಸೇ, ಪಣಕಹಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ನಾಗಮಣಿ ಒಬ್ಬರಿಗೂ ಗದರಿದವಳಲ್ಲ, ನಾಯಿಯನ್ನೂ ಓಡಿಸುವುದಿಲ್ಲ, ಹೋಗಪ್ಪ ಅನ್ನುತ್ತಾಳೆ.

ಎರಡೇ ದಿನ ಆಯಿತು ಮಗಳು ಬಂದು, ಇನ್ನು ನಾಲ್ಕು ದಿನ ಇರುತ್ತಾಳೆ, ಆಮೇಲೆ ಮತ್ತೆ ಬಸ್ಸು, ದಿಂಬಂ ಘಾಟಿಯ ತಿರುವುಗಳನ್ನು ಇಳಿದು ಕೆಳಗಿನ ತಮಿಳು ಸೀಮೆಯ ಯೂನಿವರ್ಸಿಟಿಗೆ, ಹೋದ ವರ್ಷದ ತನಕ ದಿನಕ್ಕೆ ಎರಡು ಸಲ ಫೋನು, ಏನು ತಿಂದೆ ಎಷ್ಟು ತಿಂದೆ ಎಲ್ಲ ಹೇಳುತ್ತಿದ್ದವಳು, ಅವತ್ತಿನ ಕ್ಲಾಸು ಆದಮೇಲೆ — ಅವತ್ತು ನಾಗಮಣಿ ಮುದ್ದೆ ತಿರುವುತ್ತಿದ್ದಳು, ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಜೋರು ಮಾಡಿ ಇಟ್ಟಿದ್ದಳು, ಮಗಳು ಖುಷಿಯಾಗಿಯೇ ಶುರು ಮಾಡಿದ್ದಳು, ಅವ್ವ ಇವತ್ತು ಒಂದು ಒಸ ಕ್ಲಾಸು ಕಣವ್ವ, ಯಾವ ಜನ ಎಂಗೇ ಇರ್ಲಿ, ಎಲ್ಲಾರ್ನೂ ಸಮ ನೋಡದು, ಎಲ್ಲಾರ್ನೂ ಒಳಕ ಸೇರಿಸ್ಕಳದು, ಅದ ಯೋಳ್ಕೊಡ್ತಾರೆ. ಪುಸ್ತಕವಿಲ್ಲವಂತೆ, ಮೈದಾನದಲ್ಲಿ ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿದರಂತೆ, ಮೇಡಂ ಒಂದೊಂದೇ ಹೇಳುತ್ತಾ ಹೋದರಂತೆ, ಸ್ವಂತ ಹೊಲ ಇರುವವರು ಒಂದು ಹೆಜ್ಜೆ ಮುಂದೆ, ಮಧುಶ್ರೀ ಮುಂದೆ, ಅವ್ವನಿಗೆ ಓದು ಬರುವವರು ಮುಂದೆ, ಮಧುಶ್ರೀ ಮುಂದೆ, ನೋಡು ನಿನ್ನಿಂದ ಒಂದು ಎಜ್ಜೆ ಸಿಕ್ತು ಅಂತ ನಕ್ಕಿದ್ದಳು, ನಾಗಮಣಿಯೂ ನಕ್ಕಿದ್ದಳು, ಏಳನೇ ಕ್ಲಾಸಿನ ತನಕ ಕಲಿತದ್ದು ಎಲ್ಲೋ ಒಂದು ಮೈದಾನದಲ್ಲಿ ಕೆಲಸಕ್ಕೆ ಬಂತಲ್ಲ ಅಂತ, ಮನೆಯ ಮಾತು ಬೇರೆಯಾಗಿದ್ದಕ್ಕೆ ನಗೆಪಾಟಲಾದವರು ಒಂದು ಹೆಜ್ಜೆ ಹಿಂದೆ, ಆಗ ಮಧುಶ್ರೀಯೂ ಹಿಂದೆ, ಸೆಲ್ವಿಯೂ ಹಿಂದೆ, ಅದನ್ನು ಕೇಳಿ ನಾಗಮಣಿಗೆ ಎದೆ ತುಂಬಿ ಬಂದಿತ್ತು, ಅಬ್ಬ, ಅದೊಂದು ಯಾರಿಗಾದರೂ ತಿಳಿಯಿತಲ್ಲ — ಮಗಳನ್ನು ಯೂನಿವರ್ಸಿಟಿಗೆ ಸೇರಿಸಲು ಹೋದ ದಿನ ಆಫೀಸಿನವನು ತಮಿಳಿನಲ್ಲಿ ಏನೋ ಕೇಳಿದ, ಇವಳು ತಾಳವಾಡಿ ಸಂತೆಯ ತಮಿಳಿನಲ್ಲಿ ಹೇಳಿದಳು, ಅವನು ಪಕ್ಕದವನಿಗೆ, ಮಲೆ ಮೇಲಿನವರು, ಅಂದು ನಕ್ಕು, ಹೊರಗಿನ ಬೆಂಚು ತೋರಿಸಿದ, ಅಲ್ಲಿ ಇರಿಮ್ಮಾ, ಬೈಗುಳವಲ್ಲ, ಮೆತ್ತಗೇ ಅಂದದ್ದು, ಮಧ್ಯಾಹ್ನದವರೆಗೆ ಅಲ್ಲೇ ಇದ್ದಳು, ಬಾಯಾರಿತ್ತು, ಎದ್ದು ಕೇಳಲು ಕಾಲು ಬರಲಿಲ್ಲ, ಅವನು ಇರು ಅಂದಿದ್ದನಲ್ಲ.

ಆಮೇಲೆ, ಅಂದಳು ನಾಗಮಣಿ ಮುದ್ದೆ ತಿರುವುತ್ತಾ, ಮಗಳು ಮುಂದುವರಿಸಿದಳು, ಆಮೇಲ ಮೇಡಂ ಅಂದ್ರು, ನಿಮ್ಮೂರಲ್ಲಿ ಯಾರ ಮನೆಗಾದ್ರೂ ಓಗಿ ಒಳಗ ಕುಂತು ಉಣ್ಣಬೋದಾದೋರು ಒಂದು ಎಜ್ಜೆ ಮುಂದಕ ಬನ್ನಿ, ನಾ ಮುಂದಕ ಬಂದೆ ಕಣವ್ವ, ಯೋಚ್ನೇನೇ ಮಾಡ್ದೆ ಬಂದೆ, ತಿರುಗಿ ನೋಡಿರೆ ಸೆಲ್ವಿ ಅಲ್ಲೇ ಅವ್ಳೆ, ಎಲ್ಲಾರ್ಗಿಂತ ಇಂದಕ, ಎರಡು ಕಾಲೂ ಜೋಡ್ಸಿ ನೆಲ ನೋಡ್ಕಂಡು ನಿಂತವ್ಳೆ, ಅವ್ವ ಅವ್ಳು ನಿಂತಿದ್ದದು ಎಂಗಿತ್ತು ಅಂದ್ರೆ — ಎಂಗಿತ್ತು ಮಗ, ಎಂದು ಕೇಳಬೇಕಿತ್ತು, ಮುದ್ದೆ ಗಂಟಾಗುತ್ತದೆ ಇಡ್ತೀನಿ ಅಂದಳು, ಏನೂ ಇಲ್ಲ ಬುಡವ್ವ ಅಂದಳು ಮಗಳು. ಅವತ್ತಿನಿಂದ ಫೋನು ದಿನಕ್ಕೊಂದು, ಆಮೇಲೆ ಎರಡು ದಿನಕ್ಕೊಂದು, ಉಂಡೆ, ಓದ್ತಾ ಇವ್ನಿ, ಮಲಗ್ತೀನಿ. ಇದರ ನಡುವೆ ಮಾದಕ್ಕನೂ ಬರುವುದು ಬಿಟ್ಟಳು, ಸೆಲ್ವಿಯ ತಾಯಿ, ತಾಳಮಲೆ ಕಡೆಯಿಂದ ಮದುವೆಯಾಗಿ ನಮ್ಮೂರಾಚೆ ಕಾಡಂಚಿನ ಹಟ್ಟಿಗೆ ಬಂದವಳು, ಇಪ್ಪತ್ತು ವರ್ಷ ಈ ಮನೆಯ ಅಂಗಳ ಕೊಟ್ಟಿಗೆ ಕೆಲಸವೆಲ್ಲ ಅವಳದೇ, ಮಂಡಿ ನೋವು ಅಮ್ಮೋರೆ ಅಂದಳು, ಮಂಡಿ ನೋಯುವವಳು ಮೊನ್ನೆ ಸೀಗೆಕಾಯಿ ಮೂಟೆ ಹೊತ್ತು ಗುಡ್ಡ ಇಳಿಯುತ್ತಿದ್ದಳು, ನಾಗಮಣಿ ಕಂಡಳು, ಕಾಣದವಳ ಹಾಗೆ ಬಂದಳು. ಮಾದಕ್ಕ ಇಲ್ಲದ ಮೇಲೆ ಮನೆಯಲ್ಲಿ ಮಾತೇ ಇಲ್ಲ, ಗಂಡ ಹೊಲದ ಪಾಲು, ಅತ್ತೆ ಗುರುಲಿಂಗಮ್ಮ ಲಿಂಗೈಕ್ಯಳಾಗಿ ನಾಲ್ಕು ವರ್ಷ, ಹಸುವಿನ ಜೊತೆ ಎಷ್ಟು ಮಾತಾಡುವುದು. ಎರಡು ಬಸಿರು ಕಳೆದುಹೋದಾಗ ಯಾರ ಮುಂದೆ ಅತ್ತಿದ್ದಳು, ಮಾದಕ್ಕನ ಮುಂದೆ, ತಾನು ಹೊಸ್ತಿಲ ಒಳಗೆ ಕೂತು, ಅವಳು ಹೊಸ್ತಿಲ ಹೊರಗೆ ಕೂತು, ಅವಳ ಲೋಟ ಸೂರಿನ ಸಂದಿಯಲ್ಲಿ, ಅವಳೇ ತೆಗೆದುಕೊಳ್ಳುತ್ತಿದ್ದಳು, ಅವಳೇ ತೊಳೆದು ಇಡುತ್ತಿದ್ದಳು, ಅತ್ತೆಯ ಕಾಲದ ಕಟ್ಟಳೆ, ಅತ್ತೆಯದೇ ಎಂದು ಎಷ್ಟು ಸುಲಭವಾಗಿ ಹೇಳಿಕೊಂಡು ಬಂದಿದ್ದಳು, ಅತ್ತೆ ಹೋದಮೇಲೂ ಲೋಟ ಸೂರಿನಲ್ಲೇ ಇತ್ತಲ್ಲ, ನಾಲ್ಕು ವರ್ಷ, ಅದನ್ನು ಅಲ್ಲಿ ಇಟ್ಟದ್ದು ಯಾರು. ಮಾದಕ್ಕ ಬರುವುದು ನಿಂತಮೇಲೆ ಒಂದು ದಿನ ಕೈ ಚಾಚಿ ತೆಗೆದು ನೋಡಿದಳು, ಒಳಗೆ ಜೇಡ ಬಲೆ ಕಟ್ಟಿತ್ತು, ತೊಳೆದಳು, ತೊಳೆದು ಎಲ್ಲಿಡಬೇಕು ತಿಳಿಯದೆ ಮತ್ತೆ ಅಲ್ಲೇ ಇಟ್ಟಳು.

ಬಲಗಾಲಿನ ನೀರು ಸಣ್ಣಗೆ ನಡುಗಿತು, ಒಳಗೆ ಮಗಳು ನಡೆದಾಡಿದ್ದಕ್ಕೋ ಏನೋ, ಅಥವಾ ತನ್ನ ಕೈಯಿಂದ ತೊಟ್ಟಿಕ್ಕಿತೋ — ಹದಿನೈದು ವರ್ಷದ ಹಿಂದೆ, ಶಿವರಾತ್ರಿಗೆ ಮುಂಚೆ ಮಣ್ಣಿನ ಜಗಲಿ ಕಿತ್ತು ಸಿಮೆಂಟು ಹಾಕಿಸಿದ್ದರು, ಗಾರೆಯವನು ಸಂಜೆ ತನಕ ಯಾರೂ ಕಾಲಿಡಬೇಡಿ ಎಂದು ಬೂದುಗುಂಬಳದ ಬಳ್ಳಿ ಅಡ್ಡ ಹಾಕಿ ಹೋಗಿದ್ದ, ಮಕ್ಕಳಿಗೆ ಬಳ್ಳಿ ಯಾವ ಲೆಕ್ಕ, ಇಬ್ಬರಿಗೂ ನಾಲ್ಕು ವರ್ಷ, ಯಾರದೋ ಕೋಳಿಮರಿ ಅಟ್ಟಿಕೊಂಡು ಬಂದವು, ಮುಂದೆ ಮಧು, ಹಿಂದೆ ಸೆಲ್ವಿ, ಮರಿ ಒಳಗೆ ನುಗ್ಗಿತು, ಮಧು ಪಚಪಚ ತುಳಿದು ಒಳಗೆ ನುಗ್ಗಿದಳು, ಸೆಲ್ವಿಯೂ ನುಗ್ಗುತ್ತಿದ್ದಳು, ಹೊಸ್ತಿಲಿಗೆ ಒಂದು ಗೇಣು ಇತ್ತು. ನಡುಮನೆಯಲ್ಲಿ ಅತ್ತೆ ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದ್ದರು, ಪೂಜೆ ಕೆಡಬಾರದು, ದನಿ ಏರಬಾರದು, ನಾಗಮಣಿ ಬಾಗಿಲಿಗೆ ಬಂದು ಅಂಗೈ ಅಡ್ಡ ಹಿಡಿದು ಎಷ್ಟು ಮೆತ್ತಗೆ ಅಂದಳು, ಅಲ್ಲೇ ಇರವ್ವ. ಅವ್ವ ಅಂದಳು, ಕಂದ ಅನ್ನುವ ಹಾಗೆ. ಮಗು ನಿಂತಿತು, ಕಾಲು ಜೋಡಿಸಿ. ಒಳಗೆ ಮಧುವಿನ ಕಾಲು ತೊಳೆದು, ಲಂಗ ಬದಲಿಸಿ, ಅವಳು ಅತ್ತದ್ದಕ್ಕೆ ಬೆಲ್ಲ ಕೊಟ್ಟು, ಅಷ್ಟರಲ್ಲಿ ಹಾಲು ಉಕ್ಕಿತು, ಒಲೆ ಒರೆಸಿ, ಅತ್ತೆಗೆ ಎಡೆ ಇಟ್ಟು, ಮರೆತೇ ಹೋಯಿತು, ಎಷ್ಟು ಹೊತ್ತೋ, ಹೊರಗೆ ಬಂದು ನೋಡಿದರೆ ಮಗು ಅಲ್ಲೇ ಇದೆ, ಅದೇ ಜಾಗ, ಬಿಸಿಲು ನೆತ್ತಿಗೆ ಬಂದಿದೆ, ಅಳುತ್ತಿಲ್ಲ, ಬೆರಳು ಮಾತ್ರ ಸಿಮೆಂಟಿನೊಳಗೆ ಆಡಿಸುತ್ತಿದೆ. ಎತ್ತಿಕೊಳ್ಳಬೇಕು ಅಂತ ಬಾಗಿದಳು, ಬಾಗಿದ್ದು ನಿಜ, ಮಿಂದು ಮಡಿಯುಟ್ಟದ್ದು ನೆನಪಾಯಿತು, ಬಾಗಿದ ಬೆನ್ನು ನೆಟ್ಟಗೆ ಮಾಡಿ ಕೊಟ್ಟಿಗೆಯ ಕಡೆಗೆ ಕೂಗಿದಳು, ಮಾದಕ್ಕ, ಬಂದು ನಿನ್ ಮಗಳ್ನ ಎತ್ಕೊ. ಮಾದಕ್ಕ ಸಗಣಿ ಕೈಯಲ್ಲೇ ಓಡಿ ಬಂದು ಕಿತ್ತುಕೊಂಡಳು, ಕಿತ್ತದ್ದೇ, ಚಪ್ ಅಂತ ಸದ್ದಾಯಿತು, ಅಯ್ಯ ನಮ್ ಪೈರ ಇಲ್ಲೇ ನಾಟಿ ಮಾಡ್ಬುಟ್ಟಿದ್ರಲ್ಲ ಅಮ್ಮೋರೆ, ಎಂದು ನಕ್ಕಳು, ಅವಳು ನಕ್ಕದ್ದರಿಂದ ತಾನೂ ನಕ್ಕಳು. ಮಾರನೆಯ ದಿನ ಆ ಮಗುವಿನ ಅಂಗಾಲೆಲ್ಲ ಬೊಬ್ಬೆ, ಸಿಮೆಂಟು ಸುಟ್ಟಿತ್ತು, ನಾಗಮಣಿ ಹರಳೆಣ್ಣೆ ಕೊಟ್ಟು ಕಳಿಸಿದಳು, ಬೆಲ್ಲದಚ್ಚನ್ನೂ ಕೊಟ್ಟಳು, ಕೊಟ್ಟೆ ಎಂದು ಎಷ್ಟು ವರ್ಷ ಸಮಾಧಾನಪಟ್ಟುಕೊಂಡಳು. ಗಾರೆಯವನು ಮೆತ್ತಿಬಿಡುತ್ತೇನೆ ಅಂದ, ಬ್ಯಾಡ ಇರ್ಲಿ ಬುಡಪ್ಪ, ಮಕ್ಕಳ ಕಾಲು, ಚೆಂದ ಅಂದಳು. ಬಂದವರಿಗೆಲ್ಲ ತೋರಿಸಿದಳು, ಇವು ನಮ್ ಮಧು ಎಜ್ಜೆ, ಯುಗಾದಿಗೆ ಅವುಗಳ ಸುತ್ತ ರಂಗೋಲಿ ಬಿಟ್ಟಳು, ಪಕ್ಕದ ಎರಡರ ಬಗ್ಗೆ ಯಾರೂ ಕೇಳಲಿಲ್ಲ. ಓಡಿದ ಹೆಜ್ಜೆ ಮೇಲುಮೇಲೆ, ವರ್ಷ ವರ್ಷ ಉಜ್ಜಿ ಉಜ್ಜಿ ಮಧುವಿನವೆಲ್ಲ ಸವೆದು ನೆರಳಿನ ಹಾಗಾಗಿವೆ, ನೀರು ಸಹ ನಿಲ್ಲುವುದಿಲ್ಲ, ನಿಂತದ್ದು ಇವೆರಡೇ.

ಒಳಗ ಬಾ ಸೆಲ್ವಿ. ಬೆಳಿಗ್ಗೆ ಹಾಲು ಕರೆಯುವಾಗ ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು ಮೂರು ಸಲ ಹೇಳಿ ನೋಡಿದ್ದಳು, ಬಾ ಅನ್ನುವುದು ಬರುತ್ತದೆ, ಇಪ್ಪತ್ತು ವರ್ಷದಿಂದ ಬಾ ಮಾದಕ್ಕ ಅಂದ ಬಾಯಿ, ಒಳಗ ಅನ್ನುವುದಕ್ಕೆ ನಾಲಿಗೆ ಒಗ್ಗಿಲ್ಲ, ಹೇಳಿದರೂ ಈಗ ಯಾರಿಗೆ ಹೇಳಿದ ಹಾಗಾಗುತ್ತದೆ, ಹತ್ತೊಂಬತ್ತು ವರ್ಷದ, ಕನ್ನಡಕ ಹಾಕಿದ, ಮಧುವಿನ ಸಮಕ್ಕೆ ಓದುವ ಹುಡುಗಿಗೆ, ಆದರೆ ನಿಂತಿರುವುದು ಅವಳಲ್ಲವಲ್ಲ, ಇಲ್ಲಿ ನಿಂತಿರುವುದು — ಮಗಳು ಹೊರಗೆ ಬಂದಳು, ಎರಡೂ ಕೈಗೆ ರಾಗಿ ಹಿಟ್ಟು, ತಾಯಿಯ ಎದುರಿಗೆ ಕುಕ್ಕರಿಸಿದಳು, ಬಂದ ದಿನದಿಂದಲೂ ಈ ಗುರುತುಗಳನ್ನೇ ನೋಡುತ್ತಿದ್ದಾಳೆ, ಮೊನ್ನೆ ಚಪ್ಪಲಿ ಬಿಡುವಾಗ ನೋಡಿದಳು, ನಿನ್ನೆ ಕೂದಲು ಒಣಗಿಸುತ್ತಾ ಇಲ್ಲೇ ಕೂತು ಅಂಗೈ ಇಟ್ಟು ನೋಡಿದಳು, ನಾಗಮಣಿ ಎರಡು ಸಲವೂ ಎದ್ದು ಒಳಗೆ ಹೋದಳು, ಮೊದಲ ಸಲ ಸಾರು ಅಂತ, ಎರಡನೇ ಸಲ ಯಾವ ನೆಪವೂ ಇಲ್ಲದೆ. ಈಗ ಏಳದೆ ಒದ್ದೆ ಬಟ್ಟೆಯನ್ನು ಮಡಿಚಿ ಹಿಡಿದಳು. ಮಧು ಬೆರಳನ್ನು ತನ್ನದೇ ಸಣ್ಣ ಹೆಜ್ಜೆಯ ಮೇಲೆ ಇಟ್ಟಳು, ಉಗುರೂ ಮುಳುಗಲಿಲ್ಲ. ಪಕ್ಕದ್ದರೊಳಗೆ ಇಳಿಸಿದಳು, ನೀರಿನೊಳಗೆ, ಒಂದು ಗೆಣ್ಣು ಪೂರಾ ಹೋಯಿತು, ಹಿಟ್ಟು ಬಿಟ್ಟುಕೊಂಡು ನೀರು ಕಂದುಬಣ್ಣಕ್ಕೆ ತಿರುಗಿತು. ಬೇಲಿಯಾಚೆ ನಾಯಿ ಬೊಗಳಿತು, ಗುರುತಿನವರಿಗೆ ಬೊಗಳುವ ಹಾಗೆ, ಓಣಿಯ ಮಂಜಿನಲ್ಲಿ ನೀಲಿ ದುಪಟ್ಟಾ ಒಂದು ಬರುತ್ತಿದೆ, ಎಂಟೂವರೆ ಆಗಿಯೇ ಹೋಯಿತೇ, ಹೇಳಬೇಕು, ಅವಳು ಮೆಟ್ಟಿಲು ಹತ್ತುವುದಕ್ಕೆ ಮೊದಲು ಬಾಯಿಗೆ ಬರಬೇಕು, ಒಳಗ, ಒಳಗ —

ಅವ್ವ, ಅಂದಳು ಮಗಳು, ಬೆರಳನ್ನು ನೀರಿನಿಂದ ತೆಗೆಯದೆ, ಸೆಲ್ವಿ ಎಜ್ಜೆ ಮಾತ್ರ ಯಾಕವ್ವ ಇಷ್ಟು ಆಳವಾಗವೆ?

ಎರಡು ಪುಟ್ಟ ಪಾದ, ಜೋಡಿಸಿದ್ದು, ಬೆರಳುಗಳೆಲ್ಲ ಹೊಸ್ತಿಲ ಕಡೆಗೆ.