ಎರಡನೆಯ ಕೌಂಟರಿನ ಸಾಲು

ಮಾವಿನ ಮರದ ಬುಡಕ್ಕೆ ಬಂದಾಗ ಎಣಿಕೆ ಮತ್ತೆ ತಪ್ಪಿತು. ವೇದಾ ಸೆರಗಿನ ತುದಿಯಿಂದ ಹಣೆಯೊರೆಸಿಕೊಂಡು, ಸಾಲಿನ ಮೊದಲ ತಲೆಯಿಂದ ಪುನಃ ಎಣಿಸತೊಡಗಿದಳು. ಸಾಲು ಗುರುಶಾಂತವ್ವನ ಮನೆಯ ಅಂಗಳದಲ್ಲಿ ಶುರುವಾಗಿ, ಕಟ್ಟಿಗೆ ರಾಶಿಯನ್ನು ಬಳಸಿ, ಬನವಾಸಿ ರಸ್ತೆಯವರೆಗೂ ಹೋಗಿತ್ತು. ಅದರಲ್ಲಿ ಶಿರಸಿಯವರಿದ್ದರು, ಸಿದ್ದಾಪುರದಿಂದ ಬಂದವರಿದ್ದರು. ಯಲ್ಲಾಪುರದ ಬೋರ್ಡಿದ್ದ ಒಂದು ಜೀಪು ಕೂಡ ರಸ್ತೆಯ ಬದಿಗೆ ನಿಂತಿತ್ತು.

"ಎಂತ ಎಣಿಸ್ತಾ ಇದ್ದೆ, ಕೂಸೆ?" ಪಕ್ಕದಲ್ಲಿದ್ದ ತಾಯಿ ಸೀತಾ ಕೇಳಿದಳು.

"ಎಂತೂ ಇಲ್ಲೆ. ಸುಮ್ನೆ ನೋಡಿದೆ."

"ಗುರುಶಾಂತವ್ವ ಬದುಕಿದ್ದಾಗ್ಲೂ ಹೀಂಗೇ ನೋಡ್ತಿದ್ದೆ. ಇವತ್ತಾದ್ರೂ ಅದರ ಸಾಲಿನ ಮೇಲಿಂದ ಕಣ್ಣು ತೆಗಿ."

ವೇದಾ ಕಣ್ಣು ತೆಗೆದು ಚಪ್ಪರದ ಕಡೆ ನೋಡಿದಳು. ಅಲ್ಲಿ ಗುರುಶಾಂತವ್ವನನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಮೈಮೇಲೆ ಹೊಸ ಇಳಕಲ್ ಸೀರೆ, ಎಡ ಅಂಗೈಯಲ್ಲಿ ಲಿಂಗ. ನಿನ್ನೆ ಬೆಳಗ್ಗೆ ಬಸ್ಸಿಗೆಂದು ಹೊರಟವಳು ಎದೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತಳಂತೆ; ಮತ್ತೆ ಏಳಲಿಲ್ಲ. ಆ ಮುಖದಲ್ಲಿ ಅವಸರದ ಗುರುತು ಈಗಲೂ ಇರಲಿಲ್ಲ. ಸತ್ತ ಮೇಲೂ ಇವಳು ಕೂತೇ ಇದ್ದಾಳೆ, ಜನ ಇವಳ ಮುಂದೆ ನಿಂತೇ ಇದ್ದಾರೆ ಎಂದು ವೇದಾಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೆ ಎದೆಯೊಳಗಿನ ಉರಿ ನಾಚಿಕೆಗೆ ಆರಲಿಲ್ಲ.

ವೇದಾಳೂ ಗುರುಶಾಂತವ್ವನೂ ಕೆಲಸಕ್ಕಿದ್ದ ಸೂಪರ್ ಮಾರ್ಕೆಟ್ಟಿನ ಮ್ಯಾನೇಜರ್ ಕಿಶೋರ ಹತ್ತಿರ ಬಂದು ದನಿ ತಗ್ಗಿಸಿದ.

"ವೇದಕ್ಕ, ಇಲ್ಲಿ ಹೇಳುವ ಮಾತಲ್ಲ. ಆದ್ರೆ ಹುಬ್ಬಳ್ಳಿಯಿಂದ ಮಾಲೀಕರು ಎರಡು ಸಲ ಫೋನ್ ಮಾಡಿದ್ರು. ಬರುವ ತಿಂಗಳು ಇನ್ನೊಂದಿಷ್ಟು ಬಿಲ್ಲಿಂಗ್ ಮಷಿನ್ ಬರ್ತವೆ. ನಿಮ್ಮ ಒಂದನೇ ಕೌಂಟರೂ ತೆಗೀತಾರೆ."

"ನಾನು?"

"ನಾಳೆಯಿಂದ ಗುರುಶಾಂತವ್ವನ ಜಾಗದಲ್ಲಿ, ಮಷಿನ್ ಹತ್ರ ನಿಲ್ಲಿ. ಜನ ಬಂದ್ರೆ ಕೆಲಸ ಉಳೀತದೆ."

"ಬರದೇ ಇದ್ರೆ?"

ಕಿಶೋರನ ಕಣ್ಣೂ ಆ ಸಾಲಿನ ಮೇಲೆಯೇ ಇತ್ತು.

*

ಶಿರಸಿಯ ಆ ಅಂಗಡಿಯಲ್ಲಿ ಮೊದಲು ಇದ್ದದ್ದು ಎರಡೇ ಕೌಂಟರು. ಒಂದನೆಯದರಲ್ಲಿ ವೇದಾ ಕೂರುತ್ತಿದ್ದಳು, ಎರಡನೆಯದರಲ್ಲಿ ಗುರುಶಾಂತವ್ವ. ವೇದಾಳ ಕೈ ಎಂದರೆ ಕೈ. ಸಾಮಾನಿನ ಬಾರ್‌ಕೋಡ್ ಪಟ್ಟೆ ಯಾವ ಬದಿಗಿದೆ ಎಂದು ಅವಳು ತಿರುಗಿಸಿ ನೋಡಿದ್ದನ್ನು ಕಂಡವರಿಲ್ಲ. ಎತ್ತಿದ್ದೇ ತಡ, ಪೀಂ ಎನ್ನುವ ಸದ್ದು, ಚೀಲ, ಬಿಲ್ಲು, ಮುಂದಿನವರು. ಅಂಗಡಿಯ ವಾರ್ಷಿಕೋತ್ಸವದಲ್ಲಿ ಅದಕ್ಕೆಂದೇ ಅವಳಿಗೆ ಒಂದು ಕುಕ್ಕರ್ ಬಹುಮಾನ ಬಂದಿತ್ತು.

ಗುರುಶಾಂತವ್ವ ಬೇಳೆಯ ಪೊಟ್ಟಣವನ್ನು ಎತ್ತಿದರೆ ಅದನ್ನೊಮ್ಮೆ ತಟ್ಟಿ ಸರಿಮಾಡಿ, "ಮನ್ಯಾಗ ಎಲ್ಲಾರೂ ಆರಾಮ ಅದಾರೇನ್ರಿ?" ಎಂದು ಕೇಳಿ, ಉತ್ತರ ಪೂರ್ತಿ ಬರುವವರೆಗೂ ಆ ಪೊಟ್ಟಣವನ್ನು ಕೈಯಲ್ಲೇ ಹಿಡಿದುಕೊಂಡಿರುತ್ತಿದ್ದಳು.

ಆದರೂ ಜನ ಅಲ್ಲೇ ನಿಲ್ಲುತ್ತಿದ್ದರು. "ಇಲ್ಲಿ ಖಾಲಿ ಇದೆ, ಬನ್ನಿ" ಎಂದು ವೇದಾ ಕೈಯೆತ್ತಿ ಕರೆದರೆ ಕೆಲವರು ನಗುತ್ತಿದ್ದರು, ಕೆಲವರು ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತಿದ್ದರು. ಒಮ್ಮೆ ಶನಿವಾರದ ಮಧ್ಯಾಹ್ನ ಆ ಸಾಲಿನ ನಡುವೆ, ಒಂದೇ ಒಂದು ಇಂಗಿನ ಡಬ್ಬಿ ಹಿಡಿದು, ಅವಳ ಸ್ವಂತ ತಾಯಿಯೇ ನಿಂತಿದ್ದಳು.

ಆ ಸಂಜೆ ಮನೆಯಲ್ಲಿ ವೇದಾ ಕೇಳಿದಳು: "ಆಯಿ, ಎನ್ನ ಕೌಂಟರ್ ಖಾಲಿ ಇದ್ದಿದ್ದು ಕಂಡಿದ್ದಿಲ್ಯಾ?"

"ಕಂಡಿತ್ತು."

"ಮತ್ತೆ?"

"ನಿನ್ನ ದಿನಾ ಮನೇಲಿ ನೋಡ್ತೆ. ಅಲ್ಲಿಗೂ ಬಂದು ನಿನ್ನ ಮುಖವೇ ನೋಡವಾ?"

ಸೀತಾ ತಮಾಷೆಗೆ ಹೇಳಿದ ಮಾತು ಅದು. ವೇದಾ ಎರಡು ದಿನ ತಾಯಿಯೊಡನೆ ಮಾತಾಡಲಿಲ್ಲ. ಬಹುಮಾನದ ಕುಕ್ಕರನ್ನು ಅಟ್ಟಕ್ಕೆ ಹಾಕಿದಳು.

ಮಷಿನ್ ಇಡಲು ಜಾಗ ಬೇಕು, ಯಾವ ಕೌಂಟರ್ ತೆಗೆಯೋಣ ಎಂದು ಕಿಶೋರ ಕೇಳಿದಾಗ ಅವಳಿಗೆ ಯೋಚಿಸಬೇಕಾದ ಅಗತ್ಯ ಬೀಳಲಿಲ್ಲ.

"ಎರಡನೇದು ತೆಗೀರಿ, ಸರ್. ಅದರ ಸಾಲು ನಡೆಯುವ ದಾರಿಗೇ ಅಡ್ಡ ಬರ್ತದೆ."

ಸುಳ್ಳೇನಲ್ಲ, ಸಾಲು ಅಡ್ಡ ಬರುತ್ತಿತ್ತು.

*

ಗಿರಾಕಿಗಳು ತಾವೇ ಬಿಲ್ಲು ಮಾಡಿಕೊಳ್ಳುವ ಆ ಯಂತ್ರದ ಮೊದಲ ದಿನದ ಕತೆಯನ್ನು ಈಗಲೂ ಹೇಳುವವರಿದ್ದಾರೆ. ಒಬ್ಬರು ಹೇಳಿದಂತೆ ಇನ್ನೊಬ್ಬರು ಹೇಳುವುದಿಲ್ಲ. ಶಿರಸಿ ಪೇಟೆಯವರ ಪ್ರಕಾರ ಅದು ಮಾತಾಡಿದ ಕೂಡಲೇ ಜನ ಹೊರಗೋಡಿದರು. ಸಿದ್ದಾಪುರದ ಕಡೆಯವರ ಪ್ರಕಾರ ಯಾರೂ ಓಡಲಿಲ್ಲ, ಎಲ್ಲರೂ ಅದಕ್ಕೆ ಉತ್ತರ ಕೊಟ್ಟರು. ನಿಲ್ಕುಂದದ ನಾಗಪತಿ ಹೆಗಡೆಯವರ ಕವಳದ ಸಂಚಿಯ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಹೆಗಡೆಯವರು ಉಟ್ಟಿದ್ದು ಪಂಚೆ. ಅಂಗಿಗೆ ಕಿಸೆ ಇರಲಿಲ್ಲ. ಎಲೆ, ಅಡಿಕೆ, ಸುಣ್ಣದ ಡಬ್ಬಿಯಿದ್ದ ಸಂಚಿಯನ್ನು ನಾಲ್ಕು ಜನ ತುಳಿಯುವ ನೆಲದ ಮೇಲೆ ಇಡುವವರಲ್ಲ ಅವರು. ಸಾಮಾನು ಹಿಡಿಯಲು ಕೈ ಬೇಕೆಂದು ಅದನ್ನು ಯಂತ್ರದ ತಟ್ಟೆಯ ಮೇಲಿಟ್ಟರು. ತಟ್ಟೆಯೋ ತೂಕ ನೋಡುವ ತಟ್ಟೆ.

"ಗುರುತಿಸದ ವಸ್ತುವಿದೆ. ದಯವಿಟ್ಟು ತೆಗೆಯಿರಿ" ಎಂದಿತು ಯಂತ್ರ.

"ಗುರುತಿಸದ ವಸ್ತುವಾ?" ಹೆಗಡೆಯವರಿಗೆ ಸಿಟ್ಟು ಬಂತು. "ಇದು ನನ್ನ ಕವಳದ ಸಂಚಿ! ಈ ಊರಿಗೆ ನಿನಗಿಂತ ಮೊದಲು ಬಂದದ್ದು!"

"ಗುರುತಿಸದ ವಸ್ತುವಿದೆ."

ಕೌಂಟರ್ ಹೋದ ಮೇಲೆ ಒಂದು ತಿಂಗಳ ಮಟ್ಟಿಗೆ ಯಂತ್ರದ ಪಕ್ಕ ನಿಂತು ಜನರಿಗೆ ಕಲಿಸಿಕೊಡು ಎಂದು ಗುರುಶಾಂತವ್ವನಿಗೆ ಹೇಳಿದ್ದರು. ಅವಳು ಕೈ ಚಾಚಿದಳು.

"ತರ್ರಿ ಇಲ್ಲೆ, ಹೆಗಡೇರ. ನಾ ಹಿಡಕೊಂತೀನಿ. ಅದಕ್ಕೇನು ಗೊತ್ತು ಕವಳದ ರುಚಿ?"

ಅಂದಿನಿಂದ ಅದೇ ರೂಢಿಯಾಯಿತು. ಕವಳ ಹಾಕುವವರು ಸಂಚಿ ಕೊಟ್ಟರು, ಬೈಕಿನವರು ಹೆಲ್ಮೆಟ್ ಕೊಟ್ಟರು, ಬಾಣಂತಿಯೊಬ್ಬಳು ಕೂಸನ್ನೇ ಕೊಟ್ಟಳು. ಗುರುಶಾಂತವ್ವ ಎರಡೂ ಕೈ ತುಂಬಿಸಿಕೊಂಡು, ಗದ್ದದಿಂದಲೇ ತೋರಿಸುತ್ತ, "ಆ ಹಸರು ಗುಂಡಿ ಒತ್ರಿ, ಯಕ್ಕಾ… ಅದಲ್ರಿ, ಅದರ ಬಾಜೂದು" ಎನ್ನುತ್ತಿದ್ದಳು. ಅವಳ ಕೈ ಬಿಡುವಾಗುವವರೆಗೆ ಹಿಂದಿನವರು ಕಾಯಬೇಕಿತ್ತು. ಕಾಯುವವರು ಸಾಲಾದರು. ಒಂದನೆಯ ಕೌಂಟರಿನಲ್ಲಿ ವೇದಾ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೂತಿದ್ದಳು.

ಒಂದು ದಿನ ತನ್ನೆದುರು ಬಂದ ಅಪರೂಪದ ಗಿರಾಕಿಗೆ ಅವಳು ಮೆಲ್ಲಗೆ ಹೇಳಿದಳು: "ಆ ಮಷಿನ್ ಹತ್ರ ಹೋಗಬೇಡಿ. ಒಂದೊಂದು ಸಲ ದುಡ್ಡು ಎರಡೆರಡು ಸಲ ಹಿಡೀತದೆ."

ಮಾತು ಯಲ್ಲಾಪುರದ ಬಸ್ಸು ಹತ್ತಿ ಹೋಯಿತು. ತಿರುಗಿ ಬರುವಷ್ಟರಲ್ಲಿ ಅದಕ್ಕೆ ರೆಕ್ಕೆಪುಕ್ಕ ಬಂದಿತ್ತು: ಯಂತ್ರ ಮುಖದ ಫೋಟೊ ತೆಗೆಯುತ್ತದಂತೆ, ಬೆರಳು ಇಟ್ಟರೆ ಬ್ಯಾಂಕಿನ ಖಾತೆಯೇ ಖಾಲಿಯಾಗುತ್ತದಂತೆ. ಜನ ಹೆದರಿದರು. ಹೆದರಿದವರು ವೇದಾಳ ಕಡೆ ಬರಲಿಲ್ಲ. ಗುರುಶಾಂತವ್ವ ಪಕ್ಕದಲ್ಲಿ ನಿಂತ ಹೊರತು ಯಂತ್ರ ಮುಟ್ಟುವುದಿಲ್ಲ ಎಂದರು. ಕಿಶೋರ ಹುಬ್ಬಳ್ಳಿಗೆ ಬರೆದು ಒಂದು ತಿಂಗಳ ಕೆಲಸವನ್ನು ಕಾಯಂ ಮಾಡಿಸಿದ.

ಊಟದ ಹೊತ್ತಿನಲ್ಲಿ ಗುರುಶಾಂತವ್ವ ರೊಟ್ಟಿಯ ಬುತ್ತಿ ಬಿಚ್ಚುತ್ತ ಹೇಳಿದಳು:

"ವೇದಕ್ಕಾರ, ಯಾರೋ ಪುಣ್ಯಾತ್ಮರು ಮಷಿನ್ ಮ್ಯಾಲ ಸುದ್ದಿ ಹಬ್ಬಿಸ್ಯಾರ ನೋಡ್ರಿ. ಅವರ ಹೊಟ್ಟಿ ತಣ್ಣಗಿರಲಿ. ನನ್ನ ಕೆಲಸ ಉಳೀತು."

ಹೇಳಿ, ಶೇಂಗಾ ಚಟ್ನಿಯ ಡಬ್ಬಿಯನ್ನು ವೇದಾಳ ಕಡೆ ಸರಿಸಿದಳು. ಅವಳಿಗೆ ಗೊತ್ತಿತ್ತೋ ಇಲ್ಲವೋ, ಅದನ್ನು ಆ ಮುಖದಿಂದ ತಿಳಿಯಲಾಗಲಿಲ್ಲ. ಚಟ್ನಿ ರುಚಿಯಾಗಿತ್ತು. ಅದನ್ನೂ ವೇದಾಳಿಗೆ ಸಹಿಸಲಾಗಲಿಲ್ಲ.

*

ಹೊತ್ತು ನೆತ್ತಿಗೇರುವಾಗ ಗುರುಶಾಂತವ್ವನನ್ನು ಹೊಲಕ್ಕೆ ತಂದರು. ಅನಾನಸಿನ ಸಾಲುಗಳ ಆಚೆ, ಅವಳ ಗಂಡನ ಸಮಾಧಿಯ ಪಕ್ಕ, ಕುಣಿ ತೋಡಿ ಸಿದ್ಧವಾಗಿತ್ತು. ಮಗ ಗಿರೀಶನೂ ಇನ್ನೊಬ್ಬರೂ ಕೆಳಗಿಳಿದು ಅವಳನ್ನು ಕೂರಿಸಿದರು. ಜಂಗಮರಾದ ಸಂಗಯ್ಯನವರು ಮಂತ್ರ ಹೇಳಿ ಕ್ರಿಯೆ ಮುಗಿಸಿದರು. ಜನ ವಿಭೂತಿ, ಪತ್ರಿ ಹಾಕಲು ಮತ್ತೆ ಸಾಲಾದರು.

ನಾಗಪತಿ ಹೆಗಡೆಯವರು ವೇದಾಳ ಹಿಂದೆಯೇ ನಿಂತಿದ್ದರು. ಅವರ ಬೆನ್ನಿಗೆ ಸೀತಾ. ಬಹಳ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದುದನ್ನು ವೇದಾ ಕೇಳಿಯೇಬಿಟ್ಟಳು.

"ಹೆಗಡೇರೆ, ಆ ಸಾಲಿನಲ್ಲಿ ಎಂತ ಇತ್ತು? ಗುರುಶಾಂತವ್ವ ಎಂತ ಹೇಳ್ತಿತ್ತು ನಿಂಗಳತ್ರ?"

"ಎಂತ ಹೇಳ್ತಿತ್ತು?" ಹೆಗಡೆಯವರು ಯೋಚಿಸಿದರು. "ಎಂತೂ ಹೇಳ್ತಿತ್ತಿಲ್ಲೆ. ಸಾಲಲ್ಲಿ ನಿಂತ ಯಂಗವೇ ಒಬ್ರಿಗೊಬ್ರು ಮಾತಾಡ್ಕತ್ತಿದ್ಯ."

"ಮತ್ತೆ ಅಲ್ಲೇ ಎಂತಕ್ಕೆ?"

"ಅದು ನಿಧಾನ, ತಂಗಿ. ಅದೇ ಅನುಕೂಲ ಆಗಿತ್ತು. ಎನ್ನ ತಮ್ಮನ ಮಗಳ ಜಾತಕ ಕೂಡಿ ಬಂದಿದ್ದು ಆ ಸಾಲಿನಲ್ಲೇ. ನಿನ್ನ ಹತ್ರ ಬಂದ್ರೆ ನೀನು ಚೀಲ ತುಂಬಿ ಹೊರಗೆ ಹಾಕ್ತೆ. ಹೇಳ್ತಾ ಇದ್ದ ಸುದ್ದಿ ಅರ್ಧ ಬಾಯಲ್ಲೇ ಉಳಿತು."

"ಎನ್ನ ಮಗಳ ಹತ್ರ ನಿಂತು ಸುದ್ದಿ ಹೇಳಿದವು ಯಾರೂ ಇಲ್ಲೆ," ಎಂದಳು ಸೀತಾ, ಪಕ್ಕದವರ ಕಡೆ ತಿರುಗಿ. "ಅಷ್ಟು ಚುರುಕು ಅದು."

ವೇದಾ ತನ್ನ ಕೈಗಳನ್ನು ನೋಡಿಕೊಂಡಳು. ಕುಕ್ಕರ್ ಗೆದ್ದ ಕೈಗಳು. ಇಷ್ಟು ವರ್ಷ ಪಕ್ಕದ ಕೌಂಟರಿನಲ್ಲಿ ಕೂತು, ಗುರುಶಾಂತವ್ವ ಏನೋ ಮಾಡುತ್ತಾಳೆ, ಏನೋ ಕೊಡುತ್ತಾಳೆ ಎಂದು ಕಣ್ಣು ನೆಟ್ಟು ಕಾದಿದ್ದಳು. ಅವಳ ಸಾಲಿನಲ್ಲಿ ತಾನು ನಿಂತದ್ದು ಇದೇ ಮೊದಲು ಎಂಬುದು ಈಗ ಹೊಳೆಯಿತು.

ಸಾಲು ಸರಿದು ಅವಳು ಕುಣಿಯ ಅಂಚಿಗೆ ಬಂದಳು. ಕೆಳಗೇ ನಿಂತಿದ್ದ ಗಿರೀಶ ಅವಳ ಬಲಗೈಗೆ ಒಂದು ಎಸಳು ಬಿಲ್ವಪತ್ರಿ ಕೊಟ್ಟ.

"ಎರಡೂ ಕೈ ಬಿಡುವು ಇರ್ಲಿ," ಎಂದರು ಸಂಗಯ್ಯನವರು, ಎಲ್ಲರಿಗೂ ಕೇಳುವಂತೆ. "ಒಂದರಾಗ ಇಭೂತಿ, ಒಂದರಾಗ ಪತ್ರಿ. ಬಗ್ಗಿ ಹಾಕ್ರಿ, ಒಗೀಬ್ಯಾಡ್ರಿ."

ಹೆಗಡೆಯವರು ತಮ್ಮ ಕೈಯಲ್ಲಿದ್ದ ಕವಳದ ಸಂಚಿಯನ್ನು ನೋಡಿದರು. ನೆಲ ನೋಡಿದರು, ಹೊಸ ಮಣ್ಣು. ಅಭ್ಯಾಸ ಬಲದಿಂದ ಸಂಚಿ ಹಿಡಿದ ಕೈಯನ್ನು ಮುಂದಕ್ಕೆ, ಕುಣಿಯ ಕಡೆಗೆ ಚಾಚಿದರು. ಅಲ್ಲಿ ತೆಗೆದುಕೊಳ್ಳುವವರಿಲ್ಲ ಎಂದು ನೆನಪಾಗಿ ಕೈ ಅರ್ಧಕ್ಕೇ ನಿಂತಿತು. ಆಮೇಲೆ ಅವರು ವೇದಾಳ ಕಡೆ ತಿರುಗಿದರು.

"ಇದನ್ನೊಂಚೂರು ಹಿಡ್ಕ, ತಂಗಿ."

ವೇದಾ ಹಿಡಿದುಕೊಂಡಳು; ಬದಿಗೆ ಸರಿದು ಅವರನ್ನು ಮುಂದೆ ಬಿಟ್ಟಳು. ಹೆಗಡೆಯವರು ಬಗ್ಗಲು ಬಹಳ ಹೊತ್ತು ತೆಗೆದುಕೊಂಡರು. 'ಬೇಗ' ಎಂಬ ಮಾತು ಅವಳ ನಾಲಿಗೆ ತುದಿಗೆ ಬಂದು ಅಲ್ಲೇ ಉಳಿಯಿತು. ಅವರ ಹಿಂದೆ ಸೀತಾ ಬಂದಳು. ಮಗಳ ಮುಖ ನೋಡಿ, ತನ್ನ ಪರ್ಸನ್ನು ಅವಳ ಬೆರಳಿಗೆ ತೂಗುಹಾಕಿದಳು. ಆಮೇಲಿನವರು ಅವಳನ್ನು ಕೇಳಲೂ ಇಲ್ಲ. ಇನ್ನೊಂದು ಸಂಚಿ ಬಂತು, ಒಂದು ಹೆಲ್ಮೆಟ್ ಬಂತು. ಕಿಶೋರ ತನ್ನ ಎರಡು ಫೋನುಗಳನ್ನು ಹೆಲ್ಮೆಟ್ಟಿನೊಳಗೆ ಇಟ್ಟು ಹೋದ.

ಪತ್ರಿ ಹಾಕಿ ಬಂದವರು ತಮ್ಮ ವಸ್ತು ಕೇಳಲು ಕೂಡಲೇ ಬರಲಿಲ್ಲ. ಬದುವಿನ ಮೇಲೆ ಗುಂಪಾಗಿ ನಿಂತು ಮಾತಿಗೆ ತೊಡಗಿದರು: ಯಾರ ಮನೆಯ ಎಮ್ಮೆ ಕರು ಹಾಕಿತು, ಯಾರ ಹುಡುಗಿಗೆ ಹೇರೂರಿನ ಕಡೆಯಿಂದ ಸಂಬಂಧ ಬಂದಿದೆ. ನಡುವೆ ಯಾರೋ ಮೂಗೊರೆಸಿಕೊಂಡರು. ಯಾರೋ ಗುರುಶಾಂತವ್ವನ ದನಿಯಲ್ಲಿ "ಅದಲ್ರಿ, ಅದರ ಬಾಜೂದು" ಎಂದರು. ಅಳುತ್ತಿದ್ದವರೂ ನಕ್ಕರು.

"ಯಕ್ಕಾ, ನೀವು ಇನ್ನೂ ಹಾಕಿಲ್ಲೇನ್ರಿ?" ಕೆಳಗಿನಿಂದ ಗಿರೀಶ ಕೇಳಿದ.

ವೇದಾಳ ಪತ್ರಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ, ಸಂಚಿಗಳ ದಾರದ ಮೇಲೆ ಸಿಕ್ಕಿಕೊಂಡಿತ್ತು. ಕುಣಿಯಲ್ಲಿ ವಿಭೂತಿಯೂ ಹಸಿರೆಲೆಯೂ ಗುರುಶಾಂತವ್ವನ ಮಡಿಲು ದಾಟಿ ಎದೆಯವರೆಗೆ ಬಂದಿದ್ದವು. ಅವಳ ಬಲಗೈ ಮಾತ್ರ ಎಲೆಗಳ ಮೇಲೆ ಅಂಗಾತವಾಗಿ, ಖಾಲಿಯಾಗಿ ಬಿದ್ದಿತ್ತು. ವೇದಾ ಆ ಖಾಲಿ ಕೈಯನ್ನು ನೋಡಿದಳು. ಇದನ್ನೆಲ್ಲ ಒಂದು ಗಳಿಗೆ ಯಾರಿಗೆ ಕೊಡಲಿ ಎಂದು ಸುತ್ತ ತಿರುಗಿದಳು. ಹಿಂದೆ ಸಾಲು ಅನಾನಸಿನ ಬೇಲಿಯವರೆಗೂ ಇತ್ತು. ಎಲ್ಲರೂ ಅವಳ ಕಡೆಗೇ ಮುಖ ಮಾಡಿ ನಿಂತಿದ್ದರು.

"ಹಾಕ್ತೇನೆ. ಅವರೆಲ್ಲ ಆಗ್ಲಿ," ಎಂದಳು.

ಮಡಚಿದ ಕೊಡೆಯೊಂದು ಹಿಂದಿನಿಂದ ಅವಳ ಮೊಣಕೈಗೆ ತಾಗಿತು. ಯಾರದೆಂದು ಅವಳು ತಿರುಗಿ ನೋಡಲಿಲ್ಲ. ಮೊಣಕೈ ಸ್ವಲ್ಪ ಎತ್ತಿ, ಅದಕ್ಕೂ ಜಾಗ ಮಾಡಿದಳು.